ಯಾವ ಹಕ್ಕಿಗೆ ಯಾವ ಊಟ?



ಕೈತೋಟದ ವಿಷಯ ಬಂದಾಗಲೆಲ್ಲ ಸಂಘದ ಸಭೆಗಳಲ್ಲಿ ಹಕ್ಕಿಗಳ ಮಾತೂ ಬರುತ್ತದೆ. "ಬಿತ್ತಿದ ಹರಿವೆ ಬೀಜವನ್ನೆಲ್ಲ ಹಕ್ಕಿ ಹೆಕ್ಕಿ ತಿಂತು" ಎಂದು ಒಬ್ಬರ ದೂರು. "ಬೆಳಿಗ್ಗೆ ಎದ್ದು ಅಂಗಳಕ್ಕೆ ಒಂದು ಹಿಡಿ ಅನ್ನ ಹಾಕದೆ ನಾವು ತಿಂಡಿ ತಿನ್ನೋದಿಲ್ಲ" ಎಂದು ಇನ್ನೊಬ್ಬರು. "ಗುಬ್ಬಿಗಳು ಈಗ ಬರುವುದೇ ಇಲ್ಲ, ಏನು ಹಾಕಿದ್ರೆ ಬಂದಾವು?" ಎಂದು ಕೇಳುವವರೂ ಇದ್ದಾರೆ. ಈ ಮೂರೂ ಮಾತುಗಳ ಹಿಂದೆ ಇರುವುದು ಒಂದೇ ಪ್ರಶ್ನೆ: ನಮ್ಮ ಹಿತ್ತಲಿಗೆ ಬರುವ ಹಕ್ಕಿ ನಿಜವಾಗಿ ಏನು ತಿನ್ನುತ್ತದೆ?

ಹಕ್ಕಿ ಎಂದ ಕೂಡಲೇ ನಮಗೆ ಕಾಳು ನೆನಪಾಗುತ್ತದೆ. ಆದರೆ ಕಾರವಾರ, ಅಂಕೋಲೆಯ ಹಿತ್ತಲುಗಳಿಗೆ ಬರುವ ಹಕ್ಕಿಗಳಲ್ಲಿ ಕಾಳು ತಿನ್ನುವವು ಕೆಲವೇ. ಉಳಿದವು ಹುಳ ತಿನ್ನುತ್ತವೆ, ಹಣ್ಣು ತಿನ್ನುತ್ತವೆ, ಹೂವಿನ ಮಧು ಹೀರುತ್ತವೆ. ಅವುಗಳ ಮುಂದೆ ಅಕ್ಕಿ ಚೆಲ್ಲಿದರೆ ಕೋಳಿಗೂ ಇಲಿಗೂ ಊಟವಾದೀತೇ ಹೊರತು ಆ ಹಕ್ಕಿಗೆ ಏನೂ ಸಿಗದು. ಹಾಗಾದರೆ ಅವಕ್ಕೆ ಊಟ ಹಾಕುವುದು ಹೇಗೆ? ಹಿತ್ತಲನ್ನೇ ಅನ್ನದ ತಟ್ಟೆ ಮಾಡುವುದು ಹೇಗೆ? ಇದರಿಂದ ನಮಗೇನು ಲಾಭ? ಈ ಸಂಚಿಕೆಯಲ್ಲಿ ಇದನ್ನು ತಿಳಿಯೋಣ.

ಕೊಕ್ಕು ನೋಡಿ ಊಟ ತಿಳಿಯಿರಿ

ಅಡುಗೆಮನೆಯಲ್ಲಿ ಪ್ರತಿ ಕೆಲಸಕ್ಕೂ ಒಂದೊಂದು ಸಾಮಾನು ಇದೆ. ತೆಂಗಿನಕಾಯಿಗೆ ತುರಿಮಣೆ, ತರಕಾರಿಗೆ ಈಳಿಗೆ, ಕಾಳಿಗೆ ಒರಳು. ಹಕ್ಕಿಗೆ ಇರುವುದು ಒಂದೇ ಸಾಮಾನು, ಅದರ ಕೊಕ್ಕು. ಅದನ್ನು ಸರಿಯಾಗಿ ನೋಡಿದರೆ ಆ ಹಕ್ಕಿಯ ಊಟ ಯಾವುದೆಂದು ಹೆಚ್ಚುಕಡಿಮೆ ಹೇಳಬಹುದು. ಗುಬ್ಬಿಯ ಕೊಕ್ಕು ಗಿಡ್ಡ, ದಪ್ಪ, ಕಾಳು ಒಡೆಯಲು ತಕ್ಕದ್ದು. ದಾಸವಾಳದ ಹೂವಿಗೆ ಬರುವ ಸೂರಕ್ಕಿಯ ಕೊಕ್ಕು ಸೂಜಿಯಂತೆ ಉದ್ದ, ತುದಿ ಬಾಗಿದ್ದು. ಮಡಿವಾಳ ಹಕ್ಕಿಯ ಕೊಕ್ಕು ಸಣ್ಣ ಚಿಮಟದ ಹಾಗೆ, ಹುಳ ಹಿಡಿಯಲು. ಗೂಬೆ, ಗರುಡಗಳದ್ದು ಕೊಕ್ಕೆಯ ಹಾಗೆ ಬಾಗಿದ್ದು, ಮಾಂಸ ಹರಿಯಲು. ಕಾಗೆಯದ್ದು ಎಲ್ಲಕ್ಕೂ ಆಗುವಂಥದ್ದು, ಅದು ತಿನ್ನದ ವಸ್ತುವೂ ಕಡಿಮೆ.

1. ಕಾಳು ತಿನ್ನುವ ಹಕ್ಕಿಗಳು

ಗುಬ್ಬಿ, ಬೆಳವ ಅಥವಾ ಚೋರೆ ಹಕ್ಕಿ, ಗುಬ್ಬಿಗಿಂತಲೂ ಚಿಕ್ಕದಾಗಿದ್ದು ಗುಂಪಾಗಿ ಬಂದು ಹುಲ್ಲಿನ ತೆನೆ ಮೇಲೆ ತೂಗುವ ರಾಟವಾಳ, ಇವು ಕಾಳಿನ ಹಕ್ಕಿಗಳು. ಇವಕ್ಕೆ ನುಚ್ಚಕ್ಕಿ, ಭತ್ತ, ರಾಗಿ, ನವಣೆ ಹಾಕಬಹುದು. ಹಸಿ ಅಕ್ಕಿ ತಿಂದರೆ ಹೊಟ್ಟೆಯಲ್ಲಿ ಉಬ್ಬಿ ಹಕ್ಕಿ ಸಾಯುತ್ತದೆ ಎಂದು ಕೆಲವರು ಹೇಳುವುದುಂಟು. ಅದು ನಿಜವಲ್ಲ. ಗದ್ದೆಯಲ್ಲಿ ಭತ್ತವನ್ನೇ ತಿಂದು ಬದುಕುವ ಹಕ್ಕಿಗೆ ಅಕ್ಕಿ ಹೊಸದೇನಲ್ಲ.

ಹೊಸ್ತಿನ ಹಬ್ಬಕ್ಕೆ ಕದಿರು ತಂದು ಬಾಗಿಲಿಗೆ ಕಟ್ಟುವವರು ನಮ್ಮಲ್ಲಿ ಇದ್ದಾರೆ. ಅದರ ಜೊತೆಗೆ ಇನ್ನೊಂದು ಸಣ್ಣ ಸೂಡಿಯನ್ನು ಮಳೆ ಬೀಳದ ಜಾಗದಲ್ಲಿ, ಮಾಡಿನ ಅಂಚಿಗೆ ತೂಗುಹಾಕಿದರೆ ಗುಬ್ಬಿಗೆ ಅದಕ್ಕಿಂತ ಒಳ್ಳೆ ಊಟ ಬೇರೆ ಬೇಡ. ಹರಿವೆ ಕೊಯ್ಯುವಾಗ ಎರಡು ಗಿಡ ಬಿಟ್ಟು, ಬೀಜ ಕಟ್ಟಲು ಬಿಡಿ. ನಿಮಗೂ ಮುಂದಿನ ಬಿತ್ತನೆಗೆ ಬೀಜವಾಯಿತು, ಹಕ್ಕಿಗೂ ಪಾಲು ಸಿಕ್ಕಿತು.

ಒಂದು ಮಾತು ಮುಖ್ಯ. ದೊಡ್ಡ ಗುಬ್ಬಿ ಕಾಳು ತಿಂದರೂ ತನ್ನ ಮರಿಗೆ ಅದು ಉಣಿಸುವುದು ಹೆಚ್ಚಾಗಿ ಹುಳ. ಮರಿ ಸುಮಾರು ಎರಡು ವಾರ ಗೂಡಿನಲ್ಲಿರುತ್ತದೆ. ಆ ದಿನಗಳಲ್ಲಿ ಅದಕ್ಕೆ ಮೆತ್ತಗಿನ ಹಸಿರು ಹುಳು ಬೇಕು. ಹಾಗಾಗಿ ಬರೀ ಅಕ್ಕಿ ಹಾಕಿ ಗುಬ್ಬಿಯನ್ನು ಉಳಿಸಲು ಆಗುವುದಿಲ್ಲ. ಗೂಡು ಕಟ್ಟಲು ಸಂದು ಬೇಕು, ಮರಿ ಸಾಕಲು ಹುಳ ಬೇಕು. ಹಳೆ ಹಂಚಿನ ಮನೆಯಲ್ಲಿ ಇದ್ದ ಸಂದುಗೊಂದುಗಳು ಆರ್‌ಸಿಸಿ ಮನೆಯಲ್ಲಿ ಇಲ್ಲ. ಇಡೀ ದೇಶದ ಹಕ್ಕಿಗಳ ಬಗ್ಗೆ 2020ರಲ್ಲಿ ಹೊರಬಂದ ವರದಿಯ ಪ್ರಕಾರ ಗುಬ್ಬಿಗಳ ಸಂಖ್ಯೆ ಒಟ್ಟಾರೆ ಕುಸಿದಿಲ್ಲ, ಆದರೆ ದೊಡ್ಡ ನಗರಗಳಲ್ಲಿ ಕಡಿಮೆಯಾಗಿದೆ. ಅಂದರೆ ನಮ್ಮ ಹಳ್ಳಿ, ಪೇಟೆಗಳಲ್ಲಿ ಅವನ್ನು ಉಳಿಸಿಕೊಳ್ಳಲು ಇನ್ನೂ ಸಮಯವಿದೆ.

2. ಹಣ್ಣು ತಿನ್ನುವ ಹಕ್ಕಿಗಳು

ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕೆಂಪು ಇರುವ ಪಿಕಳಾರ, 'ಕುಟ್ರೂ ಕುಟ್ರೂ' ಎಂದು ದಿನವಿಡೀ ಕೂಗುವ ಕುಟ್ರ ಹಕ್ಕಿ, ಕೋಗಿಲೆ, ಗಿಳಿ, ಹಳದಿ ಬಣ್ಣದ ಹೊನ್ನಕ್ಕಿ, ಇವುಗಳಿಗೆ ಹಣ್ಣು ಇಷ್ಟ. ಇವಕ್ಕೆ ಪೇಟೆಯಿಂದ ಹಣ್ಣು ತರಬೇಕಾಗಿಲ್ಲ. ಅತಿಯಾಗಿ ಹಣ್ಣಾದ ಬಾಳೆಹಣ್ಣು, ಪಪ್ಪಾಯಿಯ ತುಂಡು, ಬಿದ್ದು ಒಡೆದ ಪೇರಲೆ ಅಥವಾ ಚಿಕ್ಕು ಇದ್ದರೆ ಗೆರಟೆಯಲ್ಲಿಟ್ಟು ಕೊಂಬೆಗೆ ಸಿಕ್ಕಿಸಿ. ಕೊಳೆತು ಹುಳಿ ವಾಸನೆ ಬಂದದ್ದು, ಬೂಷ್ಟು ಹಿಡಿದದ್ದು ಬೇಡ.

ಅದಕ್ಕಿಂತ ಸುಲಭವಾದದ್ದು ನಮ್ಮ ಚಪ್ಪರದಲ್ಲೇ ಇದೆ. ಬಸಳೆಯ ಕಪ್ಪು ಹಣ್ಣನ್ನು ಪಿಕಳಾರ ತಿನ್ನುತ್ತದೆ. ಹಣ್ಣಾಗಿ ಕೆಂಪಾದ ತೊಂಡೆ, ಬಿರಿದ ಹಾಗಲದ ಕೆಂಪು ಬೀಜ, ಕರಿಬೇವಿನ ಕಪ್ಪು ಹಣ್ಣು ಎಲ್ಲವೂ ಹಕ್ಕಿಗೆ ಪ್ರಿಯ. ಚಪ್ಪರದ ತುದಿಯಲ್ಲಿ ಕೈಗೆ ಸಿಗದ ನಾಲ್ಕು ಕಾಯಿಗಳನ್ನು ಏಣಿ ಹಾಕಿ ಕೊಯ್ಯುವುದು ಬೇಡ, ಅವು ಹಕ್ಕಿಯ ಪಾಲು. ಅಂಕೋಲೆಯ ಕರಿ ಈಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿ ಬೆಲೆ ಬಂದಿದೆ. ಆದರೂ ಮರದ ತುದಿಯ ನಾಲ್ಕು ಹಣ್ಣು ಬಿಟ್ಟರೆ ನಮಗೆ ನಷ್ಟವಾಗದು.

ಹಣ್ಣು ತಿಂದ ಹಕ್ಕಿ ಬೀಜವನ್ನು ದೂರಕ್ಕೆ ಒಯ್ದು ಹಾಕುತ್ತದೆ. ಬೇಲಿಯಲ್ಲಿ ತಾನಾಗಿ ಎದ್ದ ನೇರಳೆ, ಗೋಡೆಯ ಬಿರುಕಿನಲ್ಲಿ ಚಿಗುರಿದ ಗೋಳಿಮರ ಯಾರು ನೆಟ್ಟದ್ದು? ಹಕ್ಕಿಯೇ. ಘಟ್ಟದ ಮೇಲೆ ದಾಂಡೇಲಿಯಲ್ಲಿ ಮಂಗಟ್ಟೆ ಹಕ್ಕಿಗಳಿಗಾಗಿಯೇ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಘೋಷಿಸಿದರು. ಅಲ್ಲಿ ಹರಿಯುವ ಕಾಳಿ ನದಿಯೇ ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಆ ಕಾಡಿನ ಅತ್ತಿ, ಆಲದ ಜಾತಿಯ ಮರಗಳ ಬೀಜವನ್ನು ಬಿತ್ತುವುದರಲ್ಲಿ ಮಂಗಟ್ಟೆಯ ಪಾಲು ದೊಡ್ಡದು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಜೀವಮಾನವಿಡೀ ಬೀಜ ಆರಿಸಿ, ಸಸಿ ಮಾಡಿ, ಗಿಡ ಬೆಳೆಸಿ ಪದ್ಮಶ್ರೀ ಪಡೆದವರು. 2024ರ ಡಿಸೆಂಬರ್‌ನಲ್ಲಿ ಅವರು ನಮ್ಮನ್ನು ಅಗಲಿದರು. ಅವರು ಕೈಯಿಂದ ಮಾಡಿದ ಕೆಲಸವನ್ನು ಹಕ್ಕಿ ಕೊಕ್ಕಿನಿಂದ ಮಾಡುತ್ತದೆ.

3. ಮಧು ಹೀರುವ ಹಕ್ಕಿ

ಸೂರಕ್ಕಿಗೆ ಸಕ್ಕರೆ ನೀರು ಇಡಬಹುದಾ ಎಂದು ಕೇಳುವವರಿದ್ದಾರೆ. ನಮ್ಮ ಊರಿನ ಸೆಕೆಗೆ ಅದು ಬೇಗ ಹುಳಿಯುತ್ತದೆ, ಇರುವೆ ಮುತ್ತುತ್ತದೆ. ಅದು ಬೇಡ. ಒಂದು ಕೆಂಪು ದಾಸವಾಳ, ಒಂದು ಕೇಪಳ, ನುಗ್ಗೆ, ಬಾಳೆ ಇದ್ದರೆ ಸಾಕು. ಬಾಳೆಯ ಗೊನೆ ಬಿಟ್ಟಾಗ ಪೂಂಬೆಯ ಹತ್ತಿರ ನಿಂತು ನೋಡಿ, ಸೂರಕ್ಕಿ ಬಂದೇ ಬರುತ್ತದೆ. ಇದೂ ತನ್ನ ಮರಿಗಳಿಗೆ ಕೊಡುವುದು ಜೇಡ ಮತ್ತು ಸಣ್ಣ ಹುಳುಗಳನ್ನು. ಹೂ ಇದ್ದು ಹುಳ ಇಲ್ಲದಿದ್ದರೆ ಅದರ ಸಂಸಾರ ಸಾಗದು.

4. ಹುಳ ತಿನ್ನುವ ಹಕ್ಕಿಗಳು: ಕೂಲಿ ಕೇಳದ ಕೆಲಸಗಾರರು

ಕಪ್ಪು-ಬಿಳುಪಿನ ಮಡಿವಾಳ ಹಕ್ಕಿ, ಬಾಲ ಕವಲಾದ ಕಾಜಾಣ, ಎಲೆ ಹೊಲಿದು ಗೂಡು ಮಾಡುವ ಟುವ್ವಿ ಹಕ್ಕಿ, ಆರೇಳು ಒಟ್ಟಿಗೆ ಬಂದು ಗಲಾಟೆ ಮಾಡುತ್ತ ತರಗೆಲೆ ಕೆದರುವ ಹರಟೆಮಲ್ಲ, ದನದ ಹಿಂದೆ ನಡೆಯುವ ಬೆಳ್ಳಕ್ಕಿ, ಇವು ಮುಖ್ಯವಾಗಿ ಹುಳ ತಿಂದು ಬದುಕುವವು. ನಮ್ಮ ರಾಜ್ಯದ ಹಕ್ಕಿ ನೀಲಕಂಠವೂ ಇದೇ ಗುಂಪಿನದು. ಕೆಂಬೂತ, ಕೆಲವರು ರತ್ನಪಕ್ಷಿ ಎನ್ನುತ್ತಾರೆ, ಮಳೆಗಾಲದಲ್ಲಿ ತರಕಾರಿ ಗಿಡ ತಿನ್ನುವ ಬಸವನಹುಳುವನ್ನೂ ಹಿಡಿದು ತಿನ್ನುತ್ತದೆ. ರಾತ್ರಿಯ ಪಾಳಿಗೆ ಗೂಬೆ ಇದೆ, ಅದು ಇಲಿ ಹಿಡಿಯುತ್ತದೆ. ಗೂಬೆ ಕೂಗಿದರೆ ಅಪಶಕುನ ಎಂದು ಕಲ್ಲು ಹೊಡೆಯುವವರು, ಇಲಿ ತಿಂದ ಭತ್ತದ ಲೆಕ್ಕವನ್ನೂ ಹಾಕಬೇಕು.

ಈ ಹಕ್ಕಿಗಳಿಗೆ ನಾವು ತಟ್ಟೆಯಲ್ಲಿ ಏನೂ ಹಾಕಲಾಗದು. ಆದರೆ ಎರಡು ಕೆಲಸ ಮಾಡಬಹುದು. ಒಂದು, ಹಿತ್ತಲಿನ ತರಗೆಲೆಯನ್ನೆಲ್ಲ ಗುಡಿಸಿ ಸುಡದೆ, ಒಂದು ಮೂಲೆಯಲ್ಲಿ ಅಥವಾ ತೆಂಗಿನ ಬುಡದಲ್ಲಿ ಹರಡುವುದು. ಅದರಡಿ ಹುಳ ಹುಟ್ಟುತ್ತದೆ, ಕೊಳೆತ ಮೇಲೆ ಗೊಬ್ಬರವೂ ಆಗುತ್ತದೆ. ಎರಡು, ವಿಷ ಹೊಡೆಯದಿರುವುದು.

ಚೀನಾ ದೇಶದಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. 1958ರಲ್ಲಿ ಅಲ್ಲಿನ ಸರಕಾರ, ಗುಬ್ಬಿಗಳು ಧಾನ್ಯ ತಿಂದು ನಷ್ಟ ಮಾಡುತ್ತವೆ ಎಂದು ಅವನ್ನು ಕೊಲ್ಲುವ ಚಳುವಳಿ ನಡೆಸಿತು. ಜನ ತಟ್ಟೆ, ಡೋಲು ಬಡಿದು, ಕೂರಲು ಬಿಡದೆ ಹಾರಿಸಿ ಹಾರಿಸಿ ಗುಬ್ಬಿಗಳನ್ನು ಕೊಂದರು. ಆಮೇಲೆ ಬೆಳೆಗೆ ಮಿಡತೆ ಮತ್ತು ಹುಳುಗಳ ಕಾಟ ಹೆಚ್ಚಿತು. 1960ರಲ್ಲಿ ಗುಬ್ಬಿಯ ಹೆಸರನ್ನು ಆ ಪಟ್ಟಿಯಿಂದ ತೆಗೆದರು. ಕಾಳು ತಿಂದದ್ದು ಕಣ್ಣಿಗೆ ಕಂಡಿತ್ತು, ಹುಳ ತಿಂದದ್ದು ಕಂಡಿರಲಿಲ್ಲ.

ನಮ್ಮ ಹಿತ್ತಲಿನಲ್ಲೂ ಹಾಗೇ. ಹಕ್ಕಿ ಹೆಕ್ಕಿದ ಬೀಜ ನಮಗೆ ಕಾಣುತ್ತದೆ, ಬೆಂಡೆ, ಬದನೆ ಗಿಡದಿಂದ ಅದು ಹೆಕ್ಕಿದ ಹುಳ ಕಾಣುವುದಿಲ್ಲ. ಬೀಜ ಉಳಿಸಲು ದಾರಿ ಇದೆ. ಬೀಜಕ್ಕೆ ಬೂದಿ, ಮರಳು ಬೆರೆಸಿ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಹಾಕಿ, ಮೊಳಕೆ ಬರುವ ತನಕ ತೆಂಗಿನ ಸೋಗೆ ಮುಚ್ಚಿ. ಮೊಳಕೆ ಕಂಡ ಕೂಡಲೇ ಸೋಗೆ ತೆಗೆಯಿರಿ.

ಹಾಕಬಾರದ್ದು ಯಾವುದು?

ಪ್ರೀತಿಯಿಂದ ಹಾಕಿದರೂ ಹಕ್ಕಿಗೆ ಕೆಡುಕು ಮಾಡುವ ಪದಾರ್ಥಗಳು ಇವು:

• ಉಪ್ಪು ಹೆಚ್ಚಿರುವುದು: ಚಿಪ್ಸ್, ಮಿಕ್ಸ್ಚರ್, ಉಪ್ಪಿನಕಾಯಿ ಬೆರೆತ ಅನ್ನ, ಉಪ್ಪು ಹಾಕಿ ಒಣಗಿಸಿದ ಮೀನಿನ ತಲೆ. ಚಿಕ್ಕ ಹಕ್ಕಿಯ ಮೈ ಅಷ್ಟು ಉಪ್ಪನ್ನು ತಡೆಯದು. ಹಸಿ ಮೀನಿನ ಕಸ ಕಾಗೆ, ಗರುಡಗಳಿಗೆ ಆಗುತ್ತದೆ. ಆದರೆ ಅದರ ಜೊತೆ ಪ್ಲಾಸ್ಟಿಕ್ ಚೀಲ, ಬಲೆಯ ತುಂಡು, ಗಾಳದ ದಾರ ಹೋಗಬಾರದು. ಕಾಲಿಗೆ ಸುತ್ತಿಕೊಂಡರೆ ಹಕ್ಕಿ ನರಳಿ ಸಾಯುತ್ತದೆ.
• ಬೂಷ್ಟು ಹಿಡಿದ ನೆಲಗಡಲೆ, ಕೊಬ್ಬರಿ, ಜೋಳ: ಬೂಷ್ಟಿನಲ್ಲಿ ಯಕೃತ್ತನ್ನು ಹಾಳುಮಾಡುವ ವಿಷ ಇರುತ್ತದೆ. ಮಳೆಗಾಲದಲ್ಲಿ ಜಾಗ್ರತೆ. ಇದು ಕೋಳಿಗೂ ಬೇಡ, ನಮಗೂ ಬೇಡ.
• ಹಾಲು: ಹಕ್ಕಿಗೆ ಹಾಲು ಜೀರ್ಣವಾಗದು.
• ಬ್ರೆಡ್, ಬಿಸ್ಕತ್, ಎಣ್ಣೆತಿಂಡಿ: ಹೊಟ್ಟೆ ತುಂಬುತ್ತದೆ, ಪುಷ್ಟಿ ಸಿಗದು.

ಅನ್ನ ಹಾಕುವ ಪದ್ಧತಿ ಇದ್ದವರು ಹಾಕಬಹುದು. ಮಹಾಲಯದಲ್ಲಿ ಕಾಗೆಗೆ ಎಡೆ ಇಡುವ ಮನೆಗಳೂ ಇವೆ. ಕಾಗೆ, ಮೈನಾ ಹಕ್ಕಿಗಳಿಗೆ ಸಪ್ಪೆ ಅನ್ನ ತೊಂದರೆಯಲ್ಲ. ಆದರೆ ಒಂದು ಹಿಡಿ ಸಾಕು, ಒಂದು ಗಂಟೆಯೊಳಗೆ ಮುಗಿಯುವಷ್ಟು. ಉಳಿದದ್ದು ಸಂಜೆಯೊಳಗೆ ತೆಗೆಯಬೇಕು. ರಾತ್ರಿ ಉಳಿದ ಅನ್ನಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಮಳೆಗಾಲದಲ್ಲಿ ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಹರಡುವುದು ನಿಮಗೆ ಗೊತ್ತೇ ಇದೆ.

ಪೇಟೆಯಲ್ಲಿರುವವರು ಪಾರಿವಾಳಗಳಿಗೆ ದಿನಾ ರಾಶಿ ಕಾಳು ಸುರಿಯಬಾರದು. ಅವು ಸಾವಿರಗಟ್ಟಲೆ ಸೇರಿದರೆ ಒಣಗಿದ ಹಿಕ್ಕೆಯ ಧೂಳಿನಿಂದ ಕೆಲವರಿಗೆ ಶ್ವಾಸಕೋಶದ ಕಾಯಿಲೆ ಬರುತ್ತದೆ. ಇದೇ ಕಾರಣಕ್ಕೆ ಮುಂಬಯಿಯಲ್ಲಿ 2025ರಲ್ಲಿ ಪಾರಿವಾಳಗಳಿಗೆ ಕಾಳು ಹಾಕುವ ಕಟ್ಟೆಗಳನ್ನು ಮುಚ್ಚಿಸಿದರು. ಕಾರವಾರದ ಕಡಲತೀರಕ್ಕೆ ಚಳಿಗಾಲದಲ್ಲಿ ಬರುವ ಕಡಲಹಕ್ಕಿಗಳಿಗೆ ಮಕ್ಕಳು ಚಿಪ್ಸ್ ಎಸೆಯುವುದನ್ನೂ ತಡೆಯೋಣ.

ಅಕ್ಕಿಗಿಂತ ಮೊದಲು ನೀರು

ಎಲ್ಲ ಹಕ್ಕಿಗಳಿಗೂ ಬೇಕಾದ, ಖರ್ಚಿಲ್ಲದ ವಸ್ತು ನೀರು. ಮಾರ್ಚ್‌ನಿಂದ ಮಳೆ ಬೀಳುವ ತನಕ ನಮ್ಮಲ್ಲಿ ಬಾವಿಗಳೇ ಬತ್ತುತ್ತವೆ, ಹಕ್ಕಿಗೆಲ್ಲಿ ನೀರು? ಅಗಲವಾದ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ಆಳದ ನೀರು ಇಡಿ. ಆಳವಾದ ಬಕೆಟ್ ಬೇಡ, ಹಕ್ಕಿ ಬಿದ್ದು ಸಾಯುತ್ತದೆ. ಒಳಗೆ ಒಂದು ಕಲ್ಲು ಇಟ್ಟರೆ ಚಿಕ್ಕ ಹಕ್ಕಿಗೆ ನಿಲ್ಲಲು ಅನುಕೂಲ. ಬೆಕ್ಕು ಹೊಂಚು ಹಾಕುವ ಪೊದೆಯಿಂದ ಸ್ವಲ್ಪ ದೂರ ಇರಲಿ.

ನೀರನ್ನು ದಿನಾ ಚೆಲ್ಲಿ, ತಟ್ಟೆಯನ್ನು ತಿಕ್ಕಿ ತೊಳೆದು ಬದಲಿಸಬೇಕು. ಡೆಂಗ್ಯೂ ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ವಾರ-ಹತ್ತು ದಿನ ಬೇಕು, ದಿನಾ ತೊಳೆದರೆ ಆ ಭಯವಿಲ್ಲ. ನಾಲ್ಕು ದಿನ ಊರಿಗೆ ಹೋಗುವುದಿದ್ದರೆ ತಟ್ಟೆಯನ್ನು ಕವುಚಿಟ್ಟು ಹೋಗಿ.

ಕೋಳಿ ಸಾಕುವವರಿಗೆ ವಿಶೇಷ ಸೂಚನೆ

ಸಂಘದ ಸಾಲ ಪಡೆದು ಊರಕೋಳಿ ಸಾಕುವ ಸದಸ್ಯೆಯರು ಬಹಳ ಜನ ಇದ್ದೀರಿ. ಕಾಗೆ, ಪಾರಿವಾಳ, ಮೈನಾ ಮತ್ತು ಕೋಳಿ ಒಂದೇ ತಟ್ಟೆಯಲ್ಲಿ ತಿಂದರೆ ಹಿಕ್ಕೆಯ ಮೂಲಕ ರೋಗ ಹರಡಬಹುದು. ಕೊಕ್ಕರೆ ರೋಗ ಬಂದರೆ ಇಡೀ ಗೂಡು ಖಾಲಿಯಾಗುತ್ತದೆ, ಸಾಲದ ಕಂತು ಮಾತ್ರ ಉಳಿಯುತ್ತದೆ. ಆದ್ದರಿಂದ:

• ಹಕ್ಕಿಯ ತಟ್ಟೆ ಬೇರೆ, ಕೋಳಿಯ ತಟ್ಟೆ ಬೇರೆ. ಎರಡರ ನಡುವೆ ದೂರ ಇರಲಿ.
• ಕೋಳಿಯ ಮೇವನ್ನು ಗೂಡಿನೊಳಗೇ ಹಾಕಿ, ಉಳಿದದ್ದನ್ನು ಮುಚ್ಚಿಡಿ.
• ಪಶು ಆಸ್ಪತ್ರೆಯಲ್ಲಿ ಕೇಳಿ ಸಮಯಕ್ಕೆ ಸರಿಯಾಗಿ ಲಸಿಕೆ ಹಾಕಿಸಿ.
• ಕಾಗೆಗಳೋ ಕೋಳಿಗಳೋ ಒಮ್ಮೆಲೇ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳನ್ನು ದೂರ ಇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಹಕ್ಕಿಜ್ವರ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2006ರಲ್ಲಿ, ಮಹಾರಾಷ್ಟ್ರದ ನವಾಪುರದಲ್ಲಿ. ನಮ್ಮ ರಾಜ್ಯದಲ್ಲೂ 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಬಂದಿತ್ತು. ಹೆದರಿ ಹಕ್ಕಿ ಓಡಿಸಬೇಕಾಗಿಲ್ಲ, ಶುಚಿಯಾಗಿದ್ದರೆ ಸಾಕು.

ವಿಷದ ವಿಚಾರ

ಇಲಿಗೆ ಪಾಷಾಣ ಇಡುತ್ತೇವೆ. ಅದನ್ನು ತಿಂದು ತೂಕಡಿಸುವ ಇಲಿಯನ್ನು ಗೂಬೆ ಹಿಡಿದರೆ ಗೂಬೆಗೂ ವಿಷ ಏರುತ್ತದೆ. ಗೂಬೆ ಸತ್ತರೆ ಮುಂದಿನ ವರ್ಷ ಇಲಿ ಇನ್ನೂ ಹೆಚ್ಚು. ಇಲಿಬೋನು ಇಟ್ಟರೆ ಈ ತೊಂದರೆ ಇಲ್ಲ. ತರಕಾರಿಗೆ ಹೊಡೆದ ಕೀಟನಾಶಕವೂ ಹಾಗೆಯೇ. ವಿಷ ಹತ್ತಿದ ಹುಳವನ್ನು ತಾಯಿಹಕ್ಕಿ ಮರಿಯ ಬಾಯಿಗೇ ಇಡುತ್ತದೆ. ಅದೇ ತರಕಾರಿ ನಮ್ಮ ಮಕ್ಕಳ ತಟ್ಟೆಗೂ ಬರುತ್ತದಲ್ಲ!

ವಿಷ ಯಾರನ್ನೂ ಬಿಡದು ಎಂಬುದನ್ನು ಈ ಕರಾವಳಿ ಕಣ್ಣಾರೆ ಕಂಡಿದೆ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್‌ನಿಂದ ಕಾಸರಗೋಡು, ದಕ್ಷಿಣ ಕನ್ನಡದಿಂದ ನಮ್ಮ ಉತ್ತರ ಕನ್ನಡದವರೆಗೆ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದರು! 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. ಆ ತಾಯಂದಿರ ಕಷ್ಟ ಇಂದಿಗೂ ಮುಗಿದಿಲ್ಲ. ಮನೆಯ ಹಿತ್ತಲಿಗೆ ಬೇವಿನ ಕಷಾಯ, ಬೆಳ್ಳುಳ್ಳಿ-ಮೆಣಸಿನ ದ್ರಾವಣ, ಬೂದಿ ಸಾಕು. ಉಳಿದದ್ದನ್ನು ಹಕ್ಕಿ ನೋಡಿಕೊಳ್ಳುತ್ತದೆ.

ಗೂಡಿನಿಂದ ಬಿದ್ದ ಮರಿ, ಪಂಜರದ ಗಿಳಿ

ಗೂಡಿನಿಂದ ಬಿದ್ದ ಮರಿಗೆ ಮಕ್ಕಳು ಹಾಲು, ಅನ್ನ ತಿನ್ನಿಸಲು ಹೋಗುತ್ತಾರೆ. ಬೇಡ. ಗೂಡು ಕಂಡರೆ ಮೆಲ್ಲಗೆ ಎತ್ತಿ ಅಲ್ಲೇ ಇಡಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ರೆಕ್ಕೆ ಬಲಿತ ಮರಿಯಾದರೆ ಬೆಕ್ಕಿಗೆ ಸಿಗದ ಕೊಂಬೆಯ ಮೇಲೆ ಕೂರಿಸಿ ದೂರ ಸರಿಯಿರಿ, ತಾಯಿ ಬಂದು ಉಣಿಸುತ್ತದೆ. ಹಾಗೆಯೇ, ಗಿಳಿ, ರಾಟವಾಳಗಳನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಮಕ್ಕಳಿಗೆ ಗಿಳಿ ಬೇಕೆಂದರೆ ಒಂದು ಪೇರಲೆ ಗಿಡ ನೆಡಿ, ಗಿಳಿಯೇ ಬರುತ್ತದೆ.

ಸಂಘದಲ್ಲಿ ಏನು ಮಾಡಬಹುದು?

ಹೆದ್ದಾರಿ ಅಗಲವಾಗುವಾಗ ರಸ್ತೆಬದಿಯ ಹಳೆಯ ಮರಗಳು ಹೋದವು. ನೌಕಾನೆಲೆಗಾಗಿ ಊರು ಬಿಟ್ಟು ಪುನರ್ವಸತಿ ಕಾಲೊನಿಗಳಿಗೆ ಬಂದ ಕುಟುಂಬಗಳಿಗೆ ಮೊದಲಿನಷ್ಟು ಹಿತ್ತಲಿಲ್ಲ. ಆದರೂ ಎರಡು ಸೆಂಟ್ಸ್ ಜಾಗದಲ್ಲಿ, ಚೀಲದಲ್ಲಿ, ಕುಂಡದಲ್ಲಿ ಮಾಡಬಹುದಾದದ್ದು ಇದೆ:

1. ಪ್ರತಿ ಸದಸ್ಯೆಯ ಮನೆಯಲ್ಲಿ ಒಂದು ಹೂವಿನ ಗಿಡ, ಒಂದು ಹಣ್ಣಿನ ಗಿಡ, ಒಂದು ಬಸಳೆ ಅಥವಾ ತೊಂಡೆ ಚಪ್ಪರ. ಸಸಿ, ಬಳ್ಳಿಗಳನ್ನು ಸಭೆಗೆ ತಂದು ಹಂಚಿಕೊಳ್ಳಿ.
2. ಬೇಸಿಗೆಯಲ್ಲಿ ಪ್ರತಿ ಮನೆಯ ಮುಂದೆ ಒಂದು ನೀರಿನ ತಟ್ಟೆ. ತೊಳೆಯುವ ಕೆಲಸ ಮಕ್ಕಳಿಗೆ ಕೊಡಿ.
3. ಅರಣ್ಯ ಇಲಾಖೆಯ ನರ್ಸರಿಯಿಂದ ನೇರಳೆ, ಅತ್ತಿ, ಹಲಸಿನ ಸಸಿ ಕೇಳಿ ತಂದು, ಶಾಲೆಯ ಅಥವಾ ಅಂಗನವಾಡಿಯ ಬದಿಯಲ್ಲಿ ನೆಡಿ.
4. ಮಾರ್ಚ್ 20 ವಿಶ್ವ ಗುಬ್ಬಚ್ಚಿ ದಿನ, 2010ರಿಂದ ಆಚರಣೆಯಲ್ಲಿದೆ. ಅಂದು ರಟ್ಟಿನ ಬದಲು ಮರದ ಅಥವಾ ಮಣ್ಣಿನ ಗೂಡು ಮಾಡಿ, ಮಳೆ ತಾಗದ ಮಾಡಿನಡಿ ಕಟ್ಟಬಹುದು.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

• ನಮ್ಮ ಹಿತ್ತಲಿಗೆ ಬರುವ ಹಕ್ಕಿಗಳು ಯಾವುವು? ಅವುಗಳಲ್ಲಿ ಕಾಳು, ಹಣ್ಣು, ಹುಳ ತಿನ್ನುವವು ಯಾವುವು? (ಕೊಂಕಣಿ, ಹಾಲಕ್ಕಿ ಕನ್ನಡ, ಉರ್ದು, ಯಾವ ಹೆಸರಾದರೂ ಸರಿ, ಬರೆದಿಡಿ.)
• ಅಜ್ಜಿಯ ಕಾಲದಲ್ಲಿ ಇದ್ದು ಈಗ ಕಾಣದ ಹಕ್ಕಿ ಯಾವುದು? ಅದರ ಜೊತೆ ಕಾಣೆಯಾದ ಮರ ಯಾವುದು?
• ಕೀಟನಾಶಕಕ್ಕೆ ವರ್ಷಕ್ಕೆ ಎಷ್ಟು ಹಣ ಹೋಗುತ್ತಿದೆ? ಲೆಕ್ಕ ಪುಸ್ತಕದಲ್ಲಿ ಬರೆದು ನೋಡಿ.

ಅಕ್ಕ-ತಂಗಿಯರೇ, ಹಕ್ಕಿಗೆ ಊಟ ಹಾಕುವುದೆಂದರೆ ಅಕ್ಕಿ ಚೆಲ್ಲುವುದಷ್ಟೇ ಅಲ್ಲ. ಚಪ್ಪರದ ತುದಿಯ ಕಾಯಿ ಬಿಡುವುದು, ತರಗೆಲೆ ಸುಡದಿರುವುದು, ವಿಷದ ಬಾಟಲಿ ಮನೆಗೆ ತಾರದಿರುವುದು, ಇವೂ ಊಟ ಹಾಕಿದಂತೆಯೇ. ಇದಕ್ಕೆ ಸಾಲ ಬೇಡ, ಸಹಿ ಬೇಡ. ಮುಂದಿನ ಸಭೆಗೆ ಬರುವಾಗ ನಿಮ್ಮ ಹಿತ್ತಲಿನ ಹಕ್ಕಿಗಳ ಪಟ್ಟಿಯನ್ನು ತನ್ನಿ, ನಾವೂ ನಮ್ಮದನ್ನು ತರುತ್ತೇವೆ.